ಹಾಸುಬಟ್ಟೆಯ ಕೆಳಗೆ ದೊರೆ

ಸೊಂಟದ ಆಪರೇಷನ್ನಿಗೆ ಹೊರಟ ದಿನ ಅತ್ತೆ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು. “ದೊರೆ ಜೋಪಾನ. ನಿನ್ನ ನಂಬಿ ಹೋಗ್ತಾ ಇದ್ದೀನಿ.”

ದೊರೆ ಅಂದರೆ ಅವರ ಮಗನಲ್ಲ, ಅವರ ಆಮೆ. ಇಪ್ಪತ್ತೆಂಟು ವರ್ಷದಿಂದ ಅವರ ಮಂಚದ ಕೆಳಗೆ ಬೀಡುಬಿಟ್ಟಿರುವ, ಎರಡು ಅಂಗೈ ಅಗಲದ ಪ್ರಾಣಿ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅತ್ತೆ ನನ್ನನ್ನು ನಂಬಿದ್ದು ಅದೇ ಮೊದಲು.

ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾಯಮಾನವೇ ಅಲ್ಲ. ಅವರು ಬರುವಷ್ಟರಲ್ಲಿ ಅವರ ಕೋಣೆಗೆ ಬಣ್ಣ ಹೊಡೆಸಿ ಶಹಬ್ಬಾಸ್ ಗಿಟ್ಟಿಸೋಣ ಅಂದುಕೊಂಡೆ. ಬಣ್ಣದ ವಾಸನೆ ಆಮೆಗೆ ಆಗುವುದಿಲ್ಲ ಎಂದು ಪ್ರಾಣಿಗಳ ಡಾಕ್ಟರು ಹೇಳಿದ್ದರಿಂದ ದೊರೆಯನ್ನು ಬಚ್ಚಲುಮನೆಗೆ ಸಾಗಿಸಿದೆ. ಟವೆಲ್ ಹಾಸಿದೆ, ಕಿಟಕಿ ತೆರೆದೆ, ಬಾಗಿಲು ಹಾಕಿದೆ. ಆಮೇಲೂ ಜೀವ ತಡೆಯದೆ ಐದು ನಿಮಿಷಕ್ಕೊಮ್ಮೆ ಹೋಗಿ ಇಣುಕುತ್ತಿದ್ದೆ.

“ಅಕ್ಕಾ, ಅದು ಆಮೆ. ಎಲ್ಲಿ ಓಡಿಹೋಗತ್ತೆ?” ಎಂದು ಪೇಂಟರ್ ನಕ್ಕ.

ಮಧ್ಯಾಹ್ನ ಗಂಡನ ಫೋನು. “ಇವತ್ತೇ ಡಿಸ್ಚಾರ್ಜ್ ಮಾಡ್ಬಿಟ್ರು. ಅಮ್ಮನ್ನ ಕರ್ಕೊಂಡು ಹೊರಟಿದ್ದೀನಿ.”

ನಾಳಿದ್ದು ಅಂದಿದ್ದರಲ್ಲ! ಬಚ್ಚಲುಮನೆಗೆ ಓಡಿದೆ. ಬಾಗಿಲು ಅರ್ಧ ತೆರೆದಿತ್ತು. ಟವೆಲ್ ಇತ್ತು, ದೊರೆ ಇರಲಿಲ್ಲ.

“ಬಣ್ಣಕ್ಕೆ ಬೆರೆಸೋಕೆ ನೀರು ತಗೊಂಡೆ,” ಎಂದ ಪೇಂಟರ್, ಏಣಿಯ ಮೇಲಿಂದ. “ಬಾಗಿಲು ಹಾಕೋದು ಮರ್ತೇಹೋಯ್ತು.”

ಅತ್ತೆಯ ಕೋಣೆಯ ನೆಲದ ತುಂಬ ಬಣ್ಣ ಬೀಳದಂತೆ ಹಾಸಿದ್ದ ಹಳೇ ಹಾಸುಬಟ್ಟೆ, ಹೊಸಿಲ ಹತ್ತಿರ ಅದರ ಅಂಚು ಮಡಚಿಕೊಂಡಿತ್ತು. ಮಂಚ ಹೊರಗಿದ್ದರೇನು, ದೊರೆ ತನ್ನ ಜಾಗ ಹುಡುಕಿಕೊಂಡು ಬಟ್ಟೆಯ ಕೆಳಗೇ ನುಗ್ಗಿದ್ದಾನೆ.

“ಕಾಲು ಕೆಳಗಿಡಬೇಡಿ! ಏಣೀನೂ ಅಲ್ಲಾಡಿಸ್ಬೇಡಿ!”

ಪೇಂಟರ್ ಬ್ರಷ್ ಹಿಡಿದು ಅಲ್ಲೇ ನಿಂತುಬಿಟ್ಟ. ನಾನು ಅಂಬೆಗಾಲಿಟ್ಟು ಉಬ್ಬಿದಲ್ಲೆಲ್ಲ ಮುಟ್ಟಿ ನೋಡಿದೆ. ಒಂದು ಕಡೆ ಅವನ ಊಟದ ಡಬ್ಬಿ, ಇನ್ನೊಂದು ಕಡೆ ಅವನದೇ ಚಪ್ಪಲಿ. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ವಾಕರ್ ಹಿಡಿದು ಅತ್ತೆ ಹೊಸಿಲಿಗೆ ಬಂದರು. ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. “ಇಲ್ಲೇ ಎಲ್ಲೋ ಬಟ್ಟೆ ಕೆಳಗಿದ್ದಾನೆ ಅತ್ತೆ. ತಪ್ಪು ನಂದೇ,” ಎಂದೆ.

ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ. “ದೊರೇ, ಬಾರೋ, ನಾನು ಬಂದೆ,” ಎಂದು ಕರೆದರು. ಬಟ್ಟೆ ಮಿಸುಕಲಿಲ್ಲ. ಮೂರು ಸಲ ಕರೆದರು. ಮೂರನೆಯ ಸಲ ದನಿ ನಡುಗಿತು.

ಆಗ ನನಗೆ ಹೊಳೆಯಿತು. ಅತ್ತೆ ಆಸ್ಪತ್ರೆಯಲ್ಲಿದ್ದ ಇಪ್ಪತ್ತೆರಡು ದಿನವೂ ಅದಕ್ಕೆ ಊಟ ಹಾಕಿದ್ದು ನಾನು. ಆಮೆಯ ಜೊತೆ ಮಾತಾಡಲು ನಾಚಿಕೆಯಾಗಿ ತಟ್ಟೆಯನ್ನು ನೆಲಕ್ಕಿಟ್ಟು ಚಮಚದಿಂದ ಬಡಿಯುತ್ತಿದ್ದೆ. ಅಡುಗೆಮನೆಗೆ ಓಡಿ ತಟ್ಟೆ, ಚಮಚ ತಂದು ಕೋಣೆಯೊಳಗೆ ಮೊಣಕಾಲೂರಿ ಬಡಿಯತೊಡಗಿದೆ.

ಬೀರುವಿನ ಪಕ್ಕ ಬಟ್ಟೆ ಉಬ್ಬಿತು. ಆ ಉಬ್ಬು ನಿಧಾನಕ್ಕೆ, ನೇರವಾಗಿ, ನನ್ನ ಕಡೆಗೇ ಹೊರಟಿತು.

ನನಗೆ ಹೋದ ಜೀವ ಬಂತು. ತಿರುಗಿ ನೋಡಿದರೆ ಅತ್ತೆ ತುಟಿ ಕಚ್ಚಿಕೊಂಡಿದ್ದರು. ಬಂದ ಖುಷಿ ಅಲ್ಲೇ ಇಂಗಿತು. ಬಡಿಯುವುದನ್ನು ನಿಲ್ಲಿಸದೆ ಮೊಣಕಾಲಲ್ಲೇ ಸರಿಯುತ್ತ ವಾಕರಿನ ಪಕ್ಕದಿಂದ ಅವರ ಹಿಂದೆ ಹೋಗಿ ಕುಳಿತೆ. ಉಬ್ಬು ಕೂಡ ತಿರುಗಿತು. ದೊರೆ ತಲೆ ಹೊರಹಾಕಿದ್ದು ಸರಿಯಾಗಿ ಅತ್ತೆಯ ಕಾಲ ಬುಡದಲ್ಲಿ.

“ನೋಡಿ, ನಿಮ್ಮ ಹತ್ರಾನೇ ಬಂದ,” ಎಂದೆ.

“ನಾನಿನ್ನು ಇಳೀಬಹುದಾ?” ಎಂದ ಪೇಂಟರ್.

ಅತ್ತೆಗೆ ಬಗ್ಗಲಾಗುತ್ತಿರಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ ದೊರೆಯನ್ನು ಎತ್ತಿ ಮಡಿಲಲ್ಲಿಟ್ಟೆ. ಅವರು ಅದರ ಚಿಪ್ಪನ್ನು ಸವರುತ್ತ, ನನ್ನ ಕಡೆ ನೋಡದೆ ಹೇಳಿದರು.

“ನೀನು ಹಿಂದೆ ಸರಿದಿದ್ದು ನಾನು ನೋಡ್ದೆ.”

ಅತ್ತೆ ಕೈ ಚಾಚಿದರು.

“ಆ ಚಮಚ ಇಲ್ಲಿ ಕೊಡು. ಹೇಗೆ ಬಡೀತೀಯ, ನಂಗೂ ಹೇಳ್ಕೊಡು.”