ಗೋಡೆಗೆ ಮುಖ ಮಾಡಿದ ಹೆಸರು

“ಇದನ್ನ ಹಾಕಿದ್ರೆ ಹಡಗಿಗೆ ಮೀನಿನ ವಾಸನೆ ಹಿಡೀತದೆ. ಇದೇನು ಯುದ್ಧಕ್ಕೆ ಹೋಗೋ ಹಡಗೋ, ಸಂತೆಗೆ ಹೋಗೋ ಬುಟ್ಟಿಯೋ?”

ನನ್ನನ್ನು ನೋಡಿ ಹೊರಗಿನವರು ಆಡಿದ ಮೊದಲ ಮಾತು ಇದು. ಆಗ ನನಗೆ ಎರಡು ದಿನದ ವಯಸ್ಸು. ಆಡಿದವನು ಸದಾನಂದ ಶಾನಭಾಗ, ಹಡಗಿನ ಒಳಗೆಲಸದ ಗುತ್ತಿಗೆ ಹಿಡಿದ ಕಂಪನಿಯ ಸೂಪರ್‌ವೈಸರ್. ಎರಕದ ಶೆಡ್ಡಿನಲ್ಲಿ ಅವನಲ್ಲದೆ ಒಂಬತ್ತು ಜನ ಇದ್ದರು. ಎಂಟು ಜನ ನಕ್ಕರು. ನಗದೆ ಉಳಿದವನು ವಿಠೋಬ. ನನ್ನನ್ನು ಮಾಡಿದವನು ಅವನೇ.

ನಾನು ಒಂದು ಹಿತ್ತಾಳೆಯ ಹಲಗೆ. ಮೂರು ಅಡಿ ಉದ್ದ, ಒಂದು ಗೇಣು ಅಗಲ, ನಾಲ್ಕು ಮೂಲೆಗೆ ನಾಲ್ಕು ತೂತು. ಹಡಗು ಹತ್ತಿ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ನಿಂತು ಹಡಗಿನ ಹೆಸರು ಹೇಳುವುದು ನನ್ನ ಕೆಲಸ. ನನ್ನ ಮೈಮೇಲೆ ಎರಡು ಹೆಸರುಗಳಿವೆ. ಒಂದನ್ನು ಹನ್ನೊಂದು ವರ್ಷ ಸಿಕ್ಕಸಿಕ್ಕವರೆಲ್ಲ ಓದಿದರು. ಇನ್ನೊಂದನ್ನು ಅಷ್ಟೂ ವರ್ಷ ಓದಿದ್ದು ಗೋಡೆ ಮಾತ್ರ.

ನನ್ನ ಲೋಹ ಅಂಗಡಿಯಿಂದ ಬಂದದ್ದಲ್ಲ. ತಾರ್ಲೆಬೇಲೆ ಎಂಬ ಊರಿನಿಂದ ಬಂದದ್ದು. ತಾರ್ಲೆ ಎಂದರೆ ಬೆರಳುದ್ದದ ಮೀನು, ಬಡವರ ಮೀನು. ಅದನ್ನು ಒಣಹಾಕುತ್ತಿದ್ದ ಮರಳ ದಂಡೆಯೇ ಬೇಲೆ. ಕಾರವಾರದ ಕಡೆಯ ಆ ಊರಿನಲ್ಲಿ ಮೀನು ಹಿಡಿದು ಬದುಕುವ ಅರವತ್ತು ಮನೆ ಹರಿಕಂತ್ರರಿದ್ದರು. ನೌಕಾನೆಲೆಗೆ ಜಾಗ ಬೇಕೆಂದು ಅರವತ್ತು ಮನೆಯವರನ್ನೂ ಎಬ್ಬಿಸಿ ಸರಕಾರದ ಹೊಸ ಕಾಲೊನಿಗೆ ಸೇರಿಸಿದರು. ಬೀಳ್ಕೊಡುವ ಸಭೆಯಲ್ಲಿ ಒಬ್ಬ ದೊಡ್ಡ ಅಧಿಕಾರಿ ಮೈಕಿನ ಮುಂದೆ ನಿಂತು, “ನಿಮ್ಮ ಊರು ಎಲ್ಲೂ ಹೋಗುವುದಿಲ್ಲ. ಮುಂದೆ ಒಂದು ಹಡಗಿಗೆ ಇದೇ ಹೆಸರು ಇಡುತ್ತೇವೆ” ಎಂದನಂತೆ. ಜನ ಚಪ್ಪಾಳೆ ಹೊಡೆದರಂತೆ. ಮನೆ ಕೊಟ್ಟು ಚಪ್ಪಾಳೆಯನ್ನೂ ಕೊಟ್ಟ ಜನ.

ಆ ಮಾತನ್ನು ಎಲ್ಲರೂ ಮರೆತರು, ಸಾಣಮ್ಮನೊಬ್ಬಳು ಮರೆಯಲಿಲ್ಲ. ಅವಳು ವಿಠೋಬನ ಅಜ್ಜಿ, ಅಪ್ಪನ ತಾಯಿ. ಹೊಸ ಕಾಲೊನಿಯ ಸಿಮೆಂಟಿನ ಜಗಲಿಯಲ್ಲಿ ಕೂತು, ಯಾವ ಹಡಗು ಕಂಡರೂ ಮೊಮ್ಮಗನನ್ನು ಕೂಗಿ ಕೇಳುವಳು: “ತಮಾ, ಅದು ನಮ್ಮದನಾ?” ವಿಠೋಬ, “ಅಲ್ಲ ಅಜ್ಜಿ, ಇನ್ನೂ ಆಗಬೇಕು” ಎನ್ನುವನು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಪದ್ಮಾಕರ ಆಚಾರಿಯ ಎರಕದ ಶೆಡ್ಡಿಗೆ ಸೇರಿದವನು ಅವನು. ನಾನು ಹುಟ್ಟುವಾಗ ಅವನಿಗೆ ಹತ್ತೊಂಬತ್ತು.

ಹಡಗಿಗೆ ಹೆಸರಿಡುವುದಕ್ಕೂ ಒಂದು ಮೇಲು ಕೀಳು ಇದೆ. ದೊಡ್ಡ ಹಡಗಿಗೆ ದೊಡ್ಡ ಪಟ್ಟಣದ ಹೆಸರು. ಅದಕ್ಕಿಂತ ಸಣ್ಣದಕ್ಕೆ ನದಿಯದು, ಬೆಟ್ಟದ್ದು, ಕತ್ತಿ ಗುರಾಣಿಯದು. ತೀರ ಸಣ್ಣ ಗಸ್ತು ಹಡಗುಗಳಿಗೆ ಕರಾವಳಿಯ ಹಳ್ಳಿಗಳ ಹೆಸರು. ಹೆಸರು ಆರಿಸಲು ಒಂದು ಸಮಿತಿ. ಆ ಸಲ ನಾಲ್ಕು ಗಸ್ತು ಹಡಗುಗಳ ಪಟ್ಟಿಯಲ್ಲಿ ಮೂರನೆಯ ಹೆಸರು ತಾರ್ಲೆಬೇಲೆ ಎಂದು ಬಂತು. ಹಲಗೆ ಎರಕ ಹೊಯ್ಯುವ ಕೆಲಸ ಆಚಾರಿಗೆ ಬಂತು.

ಸುದ್ದಿ ಕೇಳಿದ ಕಾಲೊನಿಯ ಜನ ಮಾಡಿದ ಕೆಲಸವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹಳೆಯ ಊರಿನಿಂದ ತಂದಿದ್ದ ಒಡಕು ಹಿತ್ತಾಳೆಯನ್ನೆಲ್ಲ ಚೀಲದಲ್ಲಿ ತುಂಬಿ ಶೆಡ್ಡಿಗೆ ತಂದು ಸುರಿದರು. ತಳ ಹೋದ ತಂಬಿಗೆ, ಕಿವಿ ಮುರಿದ ಹಂಡೆ, ಒಂದು ಕಾಲುದೀಪದ ಬುಡ. ಸಾಣಮ್ಮ ತನ್ನ ಮದುವೆಯ ಚೊಂಬು ಕೊಟ್ಟಳು. ಅದು ಒಡೆದಿರಲಿಲ್ಲ. “ಇದೆಂತಕೆ ಅಜ್ಜಿ, ಗಟ್ಟಿ ಇದೆಯಲ್ಲ” ಎಂದು ಆಚಾರಿ ಕೇಳಿದ. “ಗಟ್ಟಿ ಇದ್ದದ್ದೂ ಒಂದು ಇರ್ಲಿ, ಆಚಾರಿ. ಬರೀ ಒಡಕಲೇ ಹಾಕೂಕೆ ನಮ್ಮೂರೇನು ಗುಜರಿಯಾ?” ಎಂದಳು.

ಅಷ್ಟೂ ಮನೆಗಳ ಲೋಹ ಒಂದೇ ಮೂಸೆಯಲ್ಲಿ ಕರಗಿ ನಾನಾದೆ. ವಿಠೋಬ ನನ್ನನ್ನು ಉಜ್ಜಿ ನುಣುಪು ಮಾಡಿ, ಮೇಲೆ ನಾಗರಿಯಲ್ಲಿ, ಕೆಳಗೆ ಕನ್ನಡದಲ್ಲಿ ಹೆಸರು ಕೆತ್ತಿ, ಅಕ್ಷರಗಳಿಗೆ ಕಪ್ಪು ಅರಗು ತುಂಬಿದ. ಬೇಲೆಯ ‘ಬೇ’ಯನ್ನು ಮೂರು ಸಲ ಕಾಗದದ ಮೇಲೆ ಬರೆದು ನೋಡಿದ. ಶಾಲೆಯಲ್ಲಿ ಯಾವ ಅಕ್ಷರಕ್ಕೂ ಅವನು ಇಷ್ಟು ಮರ್ಯಾದೆ ಕೊಟ್ಟಿರಲಿಕ್ಕಿಲ್ಲ.

ಮಾರನೆಯ ದಿನ ಶಾನಭಾಗ ಬಂದ. ಬಂದು ಆ ಮಾತು ಆಡಿದ.

ವಿಠೋಬ ಸುಮ್ಮನಿರುವವನಲ್ಲ. “ನಿಮ್ಮನೆ ಮಧ್ಯಾಹ್ನದ ಊಟಕ್ಕೂ ಅದೇ ವಾಸನೆ ಅಲ್ವಾ, ಶಾನಭಾಗ್ರೆ? ಅದು ಹಿಡಿಸ್ತದೆ, ಇದು ಹಿಡಿಸೂದಿಲ್ಲವಾ?”

ಈ ಸಲ ಎಂಟೂ ಜನ ಶಾನಭಾಗನನ್ನು ನೋಡಿ ನಕ್ಕರು. ಅವನು ಜೇಬಿನಿಂದ ಒಂದು ಪತ್ರ ತೆಗೆದು ಆಚಾರಿಯ ಕೈಗೆ ಕೊಟ್ಟ. ಆಚಾರಿ ಕನ್ನಡಕ ಏರಿಸಿ ನಿಧಾನವಾಗಿ ಓದಿ ಹೇಳಿದ. ಸಮಿತಿ ಮತ್ತೆ ಕೂತಿತ್ತಂತೆ. ಹೆಸರಿನಲ್ಲಿ ಶೌರ್ಯ ಇರಬೇಕಂತೆ. ವೈರಿ ಕೇಳಿದರೆ ನಡುಗಬೇಕಂತೆ. ವೈರ್‌ಲೆಸ್ಸಿನಲ್ಲಿ ಒಂದೇ ಸಲಕ್ಕೆ ತಿಳಿಯಬೇಕಂತೆ. ಆದ್ದರಿಂದ ಮೂರನೆಯ ಹಡಗಿನ ಹೆಸರು ತಾರ್ಲೆಬೇಲೆ ಅಲ್ಲ, ವಜ್ರಮುಷ್ಟಿ.

“ವೈರಿ ಹೆಸರು ಕೇಳೇ ಓಡಿಹೋಗೂದಾದ್ರೆ ಹಡಗು ಎಂತಕೆ?” ವಿಠೋಬ ಕೇಳಿದ. “ಹಲಗೆ ಒಂದೇ ತಕಂಡು ಹೋಗಿ ತೋರ್ಸಿ.”

ಶಾನಭಾಗ ಅವನ ಕಡೆ ನೋಡದೆ ಆಚಾರಿಗೆ ಹೇಳಿದ: “ಆರು ದಿನಕ್ಕೆ ನಾಮಕರಣ. ಹೊಸ ಎರಕಕ್ಕೆ ಟೈಮಿಲ್ಲ. ಇದನ್ನೇ ತಿರುಗಿಸಿ ಹಿಂದೆ ಕೆತ್ತಿಸು. ಇವನ ಕೈಯಲ್ಲೇ ಕೆತ್ತಿಸು. ಹಳೇದನ್ನ ಇವನೇ ಉಜ್ಜಿ ತೆಗೀಲಿ. ಇಲ್ಲಾಂದ್ರೆ ಮುಂದಿನ ಕೆಲಸ ಬೇರೆ ಶೆಡ್ಡಿಗೆ.”

ನನ್ನನ್ನು ಮಕಾಡೆ ಮಲಗಿಸಿದರು. ಊರಿನ ಹೆಸರು ಮರದ ಮೇಜಿಗೆ ಒತ್ತಿಕೊಂಡಿತು. ವಿಠೋಬ ಹಲ್ಲು ಕಚ್ಚಿಕೊಂಡು ನನ್ನ ಬೆನ್ನಿನ ಮೇಲೆ ವಜ್ರಮುಷ್ಟಿ ಎಂದು ನಾಗರಿಯಲ್ಲಿ ಕೆತ್ತಿದ. ಆವತ್ತಿನಿಂದ ನನ್ನ ಬೆನ್ನೇ ಮುಖ, ಮುಖವೇ ಬೆನ್ನು. ಹಳೆಯ ಹೆಸರನ್ನು ಅವನು ಉಜ್ಜಲಿಲ್ಲ. ಆಚಾರಿ ಕಂಡರೂ ಕಾಣದವನಂತೆ ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ನಾಮಕರಣದ ದಿನ ಕಾಲೊನಿಯ ಜನರನ್ನು ಬೇಲಿಯ ಆಚೆ ನಿಲ್ಲಿಸಿದ್ದರು. ದೂರದಿಂದ ಬಂದಿದ್ದ ರೇಷ್ಮೆ ಸೀರೆಯ ಹೆಂಗಸೊಬ್ಬಳು ಹಡಗಿನ ಮೂತಿಗೆ ತೆಂಗಿನಕಾಯಿ ಒಡೆದಳು. ಒಡೆದ ಕೈಯನ್ನು ಕೂಡಲೆ ಕರವಸ್ತ್ರದಿಂದ ಒರೆಸಿಕೊಂಡಳು. ಧ್ವನಿವರ್ಧಕ ವಜ್ರಮುಷ್ಟಿ, ವಜ್ರಮುಷ್ಟಿ ಎಂದು ಒದರಿತು. ನಾನು ಬಿಸಿಲಿಗೆ ಹೊಳೆಯುತ್ತ ನಿಂತಿದ್ದೆ.

ಬೇಲಿಯ ಹತ್ತಿರ ಸಾಣಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಅವಳಿಗೆ ಓದು ಬಾರದು. “ತಮಾ, ಅದೆಂತ ಕೂಗ್ತಾರೋ? ನಮ್ಮೂರಿನ ಹೆಸರು ಹಾಂಗಿಲ್ಲವಲ್ಲ?”

ವಿಠೋಬ ನನ್ನ ಕಡೆ ಬೆರಳು ತೋರಿಸಿದ. “ಅದು ಹಡಗಿನ ಜಾತಿ ಅಜ್ಜಿ. ನಮ್ಮ ಹೆಸರು ಹಲಗೆ ಮೇಲೆ ಇದೆ. ಹೊಳೀತದಲ್ಲ, ಅದೇ.”

“ನೀನೇ ಬರ್ದದ್ದನಾ?”

“ನಾನೇ ಬರ್ದದ್ದು.”

ಹಲಗೆಯ ಬಗ್ಗೆ ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಅವನ ಮುಖ ಸುಳ್ಳು ಹೇಳಿದವನ ಮುಖವಾಗಿತ್ತು. ಸುತ್ತ ನಿಂತವರಲ್ಲಿ ಓದು ಬಲ್ಲವರು ಹತ್ತಾರು ಜನ ಇದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಮುದುಕಿ ಎರಡೂ ಕೈ ಎತ್ತಿ ನನಗೆ ಮುಗಿದಳು. ಆಗ ನನಗೆ ನನ್ನ ಮೈಯ ಹೊಳಪಿನ ಮೇಲೇ ಹೇಸಿಗೆ ಹುಟ್ಟಿತು.

ಆಮೇಲೆ ಹನ್ನೊಂದು ವರ್ಷ ಕಡಲಿನಲ್ಲಿದ್ದೆ. ನನ್ನ ಊರು ಕಬ್ಬಿಣದ ಗೋಡೆಗೆ ಮುಖ ಒತ್ತಿಕೊಂಡು, ಉಪ್ಪು ನೀರು ಇಳಿದು, ಹಸಿರು ಕಿಲುಬು ಹಿಡಿದು ಕೂತಿತು. ಮುಂಭಾಗಕ್ಕೆ ಮಾತ್ರ ದಿನ ಬೆಳಗಾದರೆ ಸೇವೆ. ಒಬ್ಬ ನಾವಿಕ ಬಂದು ಉಜ್ಜುವನು, ಇನ್ನೊಬ್ಬ ಬಂದು ಉಜ್ಜಿದ್ದು ಸಾಲದೆಂದು ಬೈಯುವನು. ನಾಲ್ವರು ಕಮಾಂಡರುಗಳು ಬಂದು ಹೋದರು. ನಾಲ್ವರೂ ನೋಡಲು ಬಂದವರ ಮುಂದೆ ನನ್ನ ಪಕ್ಕ ನಿಂತು, ಈ ಹೆಸರಿಗೆ ಪುರಾತನ ಪರಂಪರೆ ಇದೆ ಎಂದು ಭಾಷಣ ಮಾಡಿದರು. ಆ ಪರಂಪರೆ ಆಚಾರಿಯ ಶೆಡ್ಡಿನಲ್ಲಿ ಆರೇ ದಿನದಲ್ಲಿ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕೇಳುವವರು ತಲೆದೂಗುತ್ತಿದ್ದರು. ಥೂ, ತಲೆದೂಗುವವರನ್ನು ಕಂಡರೆ ನನಗೆ ಭಾಷಣ ಮಾಡುವವರಿಗಿಂತ ಹೆಚ್ಚು ವಾಕರಿಕೆ.

ನಡುಗಿಸುವ ಹೆಸರು ಹೊತ್ತ ನಮ್ಮ ಹಡಗು ಒಬ್ಬ ವೈರಿಯನ್ನೂ ಕಾಣಲಿಲ್ಲ. ಅದಕ್ಕೆ ಸಿಕ್ಕಿದ್ದೆಲ್ಲ ಮೀನಿನ ದೋಣಿಗಳು. ಆರನೆಯ ವರ್ಷ ಒಂದು ಬೆಳಿಗ್ಗೆ ನಿಷೇಧದ ಗೆರೆಯೊಳಗೆ ಬಂದಿದ್ದ ದೋಣಿಯೊಂದನ್ನು ಹಿಡಿದು, ಅದರಲ್ಲಿದ್ದವನನ್ನು ಮೇಲೆ ಹತ್ತಿಸಿ ನನ್ನೆದುರಿಗೇ ನಿಲ್ಲಿಸಿದರು. ವಿಠೋಬನ ಸೋದರಮಾವ ಪಾಂಡು. ಚೊಂಬು, ಹಂಡೆ ತಂದವರ ಜೊತೆ ಶೆಡ್ಡಿಗೆ ಬಂದಿದ್ದವನು.

“ಇಲ್ಲಿಗೆ ಯಾಕೆ ಬಂದೆ?” ಕಿರಿಯ ಅಧಿಕಾರಿ ಕೇಳಿದ.

“ತಾರ್ಲೆ ಇಲ್ಲಿಗೇ ಬತ್ತವೆ ಸಾಹೇಬ್ರೆ. ಅವಕ್ಕೆ ಗೆರೆ ಕಾಣೂದಿಲ್ಲ.”

“ಯಾವ ಊರು ನಿನ್ನದು?”

“ತಾರ್ಲೆಬೇಲೆ.”

ಅಧಿಕಾರಿ ನಕ್ಷೆ ಬಿಡಿಸಿದ. ಬೆರಳಿಟ್ಟು ಮೇಲಿನಿಂದ ಕೆಳಗೆ ಹುಡುಕಿದ. “ಅಂಥ ಊರೇ ಇಲ್ಲ. ಸುಳ್ಳು ಹೇಳ್ತೀಯಾ?”

ಪಾಂಡು ದಂಡೆಯ ಕಡೆ ಕೈ ತೋರಿಸಿದ. ಅಲ್ಲಿ ಕಾಂಕ್ರೀಟಿನ ಕಟ್ಟೆ, ಕ್ರೇನು, ಬೇಲಿ ಇತ್ತು. ಅವನು ಕೈ ಇಳಿಸಿದ. ಅವನ ಕಣ್ಣೆದುರು ಒಂದು ಮೊಳ ದೂರದಲ್ಲಿ ನಾನಿದ್ದೆ. ನಾಲ್ಕು ಬೋಲ್ಟು ಬಿಚ್ಚಿ ನನ್ನನ್ನು ತಿರುಗಿಸಿದ್ದರೆ ಅವನ ಸಾಕ್ಷಿ ಅಲ್ಲೇ ಇತ್ತು. ನನಗೆ ಬಾಯಿಲ್ಲ. ಅವನ ಹೆಸರಿನ ಮುಂದೆ ‘ವಿಳಾಸ ಸುಳ್ಳು’ ಎಂದು ಬರೆದು ದೋಣಿಯನ್ನು ಹಿಂದಕ್ಕೆ ಅಟ್ಟಿದರು. ಇಳಿಯುವಾಗ ಅವನು ತನ್ನಷ್ಟಕ್ಕೆ ಗೊಣಗಿದ: “ಸಾಣಮ್ಮತ್ತೆ ಹೋದದ್ದು ಒಳ್ಳೇದೇ ಆಯ್ತು. ನಮ್ಮ ಹಡಗು, ನಮ್ಮ ಹಡಗು ಅಂತಿದ್ದಳು.”

ಹಾಗೆ ನನಗೆ ಸಾಣಮ್ಮ ಸತ್ತ ಸುದ್ದಿ ತಿಳಿಯಿತು.

ಹನ್ನೊಂದನೆಯ ವರ್ಷ ಹಡಗಿನ ತಳಕ್ಕೆ ತುಕ್ಕು ಹಿಡಿದು ಅದನ್ನು ಸೇವೆಯಿಂದ ಇಳಿಸಿದರು. ಆ ದಿನವೂ ಭಾಷಣ. ಹಡಗು ಸಾಯುತ್ತದೆ, ಹೆಸರು ಸಾಯುವುದಿಲ್ಲ ಎಂದರು. ನಿಜವೇ. ವಜ್ರಮುಷ್ಟಿ ಎಂಬ ಹೆಸರನ್ನು ಎಲ್ಲೋ ಕಟ್ಟುತ್ತಿದ್ದ ಹೊಸ ಹಡಗಿಗೆ ಇಟ್ಟರು. ಯಾರಿಗೂ ಸೇರದ ಹೆಸರಿಗೆ ಎರಡು ಹುಟ್ಟು ಸಿಕ್ಕಿತು. ಅರವತ್ತು ಮನೆಯ ಹೆಸರಿಗೆ ಒಂದೂ ಸಿಗಲಿಲ್ಲ.

ನಾನು ಹರಾಜಿನಲ್ಲಿ ಗುಜರಿಗೆ ಹೋದೆ. ಹಗ್ಗ, ಲಾಟೀನು, ಕಕ್ಕಸಿನ ನಲ್ಲಿಗಳ ನಡುವೆ ನಾಲ್ಕು ತಿಂಗಳು ಬಿದ್ದಿದ್ದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವನು ಸದಾನಂದ ಶಾನಭಾಗ. ಅವನೀಗ ಸೂಪರ್‌ವೈಸರ್ ಅಲ್ಲ, ಹೆದ್ದಾರಿ ಬದಿಯಲ್ಲಿ ದೊಡ್ಡ ಮೀನೂಟದ ಹೋಟೆಲು ಕಟ್ಟಿಸುತ್ತಿದ್ದ. ಬಾಗಿಲಿಗೆ ನಿಜವಾದ ಯುದ್ಧನೌಕೆಯ ಹಲಗೆ ಹಾಕಿದರೆ ಜನ ಫೋಟೋ ತೆಗೆಸಿಕೊಳ್ಳುತ್ತಾರೆ ಎಂಬ ಲೆಕ್ಕ. ನಾನೀಗ ಇರುವುದು ಅಲ್ಲೇ. ಮಧ್ಯಾಹ್ನದ ಹೊತ್ತು ಕಾದ ಎಣ್ಣೆಯ ಹೊಗೆ ಬಂದು ನನ್ನ ಮೈಗೆ ಜಿಡ್ಡಾಗಿ ಕೂರುತ್ತದೆ. ಹಲ್ಲುಕಡ್ಡಿ ಕಚ್ಚಿಕೊಂಡವರು ನನಗೆ ಒರಗಿ ನಿಲ್ಲುತ್ತಾರೆ. ಕಡಲಿನ ಉಪ್ಪಾದರೂ ವಾಸಿಯಿತ್ತು.

ನೇತುಹಾಕುವ ಹಿಂದಿನ ದಿನ ವಿಠೋಬ ಬಂದ. ಮೂವತ್ತು ವರ್ಷದ ಗಂಡಸಾಗಿದ್ದ, ಕೈತುಂಬ ಸುಟ್ಟ ಕಲೆ. ಗುಜರಿಯಲ್ಲಿ ನನ್ನನ್ನು ಹುಡುಕಿ, ಸಿಗದೆ, ಕೇಳುತ್ತ ಕೇಳುತ್ತ ಇಲ್ಲಿಗೆ ಬಂದಿದ್ದ. ಶಾನಭಾಗ ನಾಲ್ಕೈದು ಸ್ನೇಹಿತರ ಜೊತೆ ಚಹಾ ಕುಡಿಯುತ್ತ ಕೂತಿದ್ದ. ನಾನು ಬೆಂಚಿನ ಮೇಲಿದ್ದೆ.

“ಶಾನಭಾಗ್ರೆ, ಈ ಹಲಗೆ ನಂಗೆ ಬೇಕು. ಇಷ್ಟೇ ದೊಡ್ಡದು ಇನ್ನೊಂದು ಮಾಡಿಕೊಡ್ತೆ. ಇದಕ್ಕಿಂತ ಚೊಲೋ ಹೊಳೀತದೆ.”

“ಇದೇ ಯಾಕೆ?”

ವಿಠೋಬ ಸುಮ್ಮನೆ ‘ನಾನು ಮಾಡಿದ್ದು, ಅದಕ್ಕೆ’ ಎಂದಿದ್ದರೆ ಆಗುತ್ತಿತ್ತು. ಅವನಿಗೆ ಹಾಗೆ ನಯವಾಗಿ ಮಾತಾಡಿ ಗೊತ್ತಿಲ್ಲ. ನನ್ನನ್ನು ಎತ್ತಿ ಮಗುಚಿ ಹಾಕಿದ. ಅಂಗಿಯ ತುದಿಯಿಂದ ಕಿಲುಬು ಒರೆಸಿದ. ಹನ್ನೊಂದು ವರ್ಷದ ಮೇಲೆ ನನ್ನ ನಿಜವಾದ ಮುಖಕ್ಕೆ ಬೆಳಕು ಬಿತ್ತು. “ಇದು ನಮ್ಮೂರು. ನಮ್ಮ ಅಜ್ಜಿ ಚೊಂಬು ಇದರೊಳಗೆ ಇದೆ. ಕಾಲೊನಿ ಬಾವಿ ಕಟ್ಟೆಗೆ ಹಾಕ್ತೆ. ಕೊಡಿ.”

ಶಾನಭಾಗ ಬಗ್ಗಿ ಓದಿದ. ಓದುತ್ತ ಓದುತ್ತ ಅವನ ಮುಖ ಅರಳಿತು. ಸ್ನೇಹಿತರ ಕಡೆ ತಿರುಗಿದ. “ನೋಡ್ರೋ, ನೋಡ್ರೋ. ತಾರ್ಲೆಬೇಲೆ! ಮೀನು ಹೋಟ್ಲಿಗೆ ಇದಕ್ಕಿಂತ ಹೆಸರು ಬೇಕಾ? ನಾನು ಮೂರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ, ಇವನು ತಂದು ಬಾಯಿಗೆ ಇಟ್ಟ. ಆಗ ಹಡಗಿಗೆ ವಾಸನೆ ಹಿಡೀತದೆ ಅಂದಿದ್ದೆ. ಇಲ್ಲಿ ನಮಗೆ ವಾಸನೆಯೇ ಬೇಕು.”

ಎಲ್ಲರೂ ನಕ್ಕರು. ಒಬ್ಬ ಫೋನು ತೆಗೆದು ನನ್ನ ಫೋಟೋ ಹೊಡೆದ.

“ಇದೇ ಬದಿ ಹೊರಗೆ ಬರ್ಲಿ” ಎಂದ ಶಾನಭಾಗ. “ವಿಠೋಬ, ನೀನೇ ಪಾಲಿಶ್ ಮಾಡಿ ಹಾಕಿಕೊಡು ಮಾರಾಯಾ. ಅಜ್ಜಿ ಆಸೆ ತೀರ್ತಲ್ಲ. ಓದುವವರು ಬೇಕಿತ್ತು, ದಿನಕ್ಕೆ ಐನೂರು ಜನ ಓದ್ತಾರೆ. ಉದ್ಘಾಟನೆ ದಿನ ನಿಮ್ಮ ಕಾಲೊನಿಯವರಿಗೆಲ್ಲ ತಾರ್ಲೆ ಫ್ರೈ ಫ್ರೀ. ಖುಷಿ ಆಯ್ತಾ?”

ವಿಠೋಬ ನನ್ನ ಮೇಲಿಟ್ಟಿದ್ದ ಕೈಯನ್ನು ತೆಗೆದ. ‘ಬೇ’ ಅಕ್ಷರದ ಮೇಲೆ ಅವನ ಹೆಬ್ಬೆರಳು ಇತ್ತು, ಅದು ಕೊನೆಗೆ ಬಿಟ್ಟಿತು. ಶೆಡ್ಡಿನಲ್ಲಿ ಒಂದು ಮಾತಿಗೆ ಎರಡು ಮಾತು ಕೊಟ್ಟವನು ಇವನು. ನಾನು ಕಾದೆ. ಕಿಲುಬು ಹತ್ತಿದ ಅಂಗಿಯ ತುದಿಯನ್ನು ಅವನು ಕೊಡವಿದ. ಬಾಗಿಲು ದಾಟಿದ.

“ಏ ವಿಠೋಬ, ಮಾತಾಡೋ. ನಿನ್ನ ಊರಿನ ಹೆಸರೇ ಅಲ್ವೇನೋ?”

ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಅದು ಹೋಗಲೆಂದು ನಿಂತಿದ್ದ ಅವನು, ಹಿಂದೆ ತಿರುಗದೆ ರಸ್ತೆ ದಾಟಿ ಕಾಲೊನಿಯ ಕಡೆ ನಡೆದುಬಿಟ್ಟ.