ತೇಲುಗಾಲು

ಟ್ರ್ಯಾಕ್ಟರ್ ಗುಂಡಿಗೆ ಇಳಿದು ಹತ್ತಿದಾಗ ಹೆಣದ ತಲೆ ಬಿದಿರಿಗೆ ಬಡಿಯಿತು. ರುಮಾಲಿನ ಮೇಲಿಟ್ಟಿದ್ದ ಸೇವಂತಿಗೆ ಕೆಳಗುರುಳಿತು.

"ನಿಲ್ಸಿ," ಅಂದಳು ಗಂಗಾಂಬಿಕೆ.

ಹೆಣ ಸಾಗಿಸಲು ಬಿದಿರಿನಲ್ಲಿ ಕಟ್ಟಿದ್ದ ವಿಮಾನದಲ್ಲಿ ಕುಳ್ಳಿರಿಸಿದ್ದು ಅವಳ ಗಂಡ ಅಡವಿಯಪ್ಪನನ್ನು. ಸಮಾಧಿಗೆ ಗುಂಡಿ ತೆಗೆದಿದ್ದ ಹೊಲ ಇನ್ನೂ ಅರ್ಧ ಮೈಲಿ ದೂರ ಇತ್ತು.

"ಟೈಮಾಗ್ತಿದೆ ಅತ್ತೆ. ಹಗ್ಗ ಬಿಗಿಯಾಗಿ ಕಟ್ಟೋಣ," ಅಂದ ತುಮಕೂರಿನಿಂದ ಬಂದಿದ್ದ ಅಳಿಯ ರೇಣುಕಾಪ್ರಸಾದ್.

"ಸೊಂಟ ಮುರ್ಕೊಂಡು ಮೂರು ವರ್ಷ ಮಲ್ಗಿದ್ರು. ಮಗ್ಗಲು ತಿರುಗ್ಸಿದಾಗೆಲ್ಲ ಅಲುಗಾಡಿಸ್ಬೇಡ ಕಣೇ ಅಂತಿದ್ರು. ಕೊನೇ ಮಾತೂ ಅದೇ. ಹೊತ್ಕೊಂಡ್ ಹೋಗಿ."

ನಾಲ್ವರು ವಿಮಾನ ಇಳಿಸಿ ಹೆಗಲು ಕೊಟ್ಟು ಒಟ್ಟಿಗೆ ಹೆಜ್ಜೆ ಹಾಕಿದರು. ತಲೆ ಮತ್ತೆ ಬಡಿಯಿತು.

*

ಅಡವಿಯಪ್ಪ ಕುಣಿಗಲ್‌ನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು. ಕೆಲಸ ಬಿಟ್ಟು ಬಂದು ಸ್ವಂತ ತಳಿ ಬೆಳೆಸಲು ನಿಂತ. ತೇಲುಗಾಲು ಅಂತ ಹೆಸರನ್ನೂ ತಾನೇ ಇಟ್ಟ. ಮೂವತ್ತು ವರ್ಷಕ್ಕೆ ಏಳು ಕುದುರೆ. ರೇಸಿಗೂ ಆಗದವು, ಗಾಡಿಗೂ ಆಗದವು. ಒಂದನ್ನೂ ಯಾರೂ ಕೇಳಲಿಲ್ಲ.

ಬಸುರಿ ಗಂಗಾಂಬಿಕೆಯನ್ನು ಗುಬ್ಬಿ ಆಸ್ಪತ್ರೆಗೆ ಕರೆದೊಯ್ದದ್ದು ಅವುಗಳಲ್ಲಿ ಮೊದಲನೆಯದರ ಮೇಲೆ. ಕೈಗೆ ನೀರು ತುಂಬಿದ ಚೊಂಬು ಕೊಟ್ಟಿದ್ದ.

"ಒಂದು ತೊಟ್ಟು ಚೆಲ್ಲಿದ್ರೆ ಈ ಕುದ್ರೇನ ನಾಳೆನೇ ಮಾರ್ಬುಡ್ತೀನಿ."

ಚೆಲ್ಲಲಿಲ್ಲ.

"ಅದೆಂಗೆ?" ಅಂದಿದ್ದಳು.

"ಎರಡು ಕಾಲು ಒಟ್ಟಿಗೆ ಬಿದ್ರೆ ಎತ್ತಾಕ್ತದೆ ಕಣೇ. ಇವಳು ಒಂದೊಂದೇ ಊರ್ತಾಳೆ."

*

ಗಂಗಾಂಬಿಕೆ ಹೂವಿನ ಧೂಳು ಊದಿ ಮತ್ತೆ ರುಮಾಲಿನ ಮೇಲಿಟ್ಟಳು. ಸಿಕ್ಕಿಸಲಿಲ್ಲ.

"ಒಟ್ಟಿಗೆ ನಡೀಬೇಡಿ. ಒಬ್ರು ಊರಿದ್ ಮೇಲೆ ಇನ್ನೊಬ್ರು."

ಮುಂದಿನ ಹೆಗಲಲ್ಲಿದ್ದ ಚನ್ನಬಸವಯ್ಯ ಗಂಡನ ಹಳೇ ಜೊತೆಗಾರ. "ನಮ್ಮನ್ನೂ ಕುದ್ರೆ ಮಾಡ್ಬುಟ್ಯಲ್ಲಕ್ಕ," ಅಂದ.

"ಕುದ್ರೆ ಬೇಗ ಕಲ್ತಿತ್ತು. ನಡಿ."

ಪಕ್ಕದಲ್ಲೇ ನಡೆಯುತ್ತ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದಳು. ಹಿಂದಿನ ಹೆಗಲು ಕೊಟ್ಟಿದ್ದ ಅಳಿಯ ಎರಡು ಸಲ ತಪ್ಪಿದ.

"ನಿಮ್ದು ನಾಲ್ಕನೇದು ಅಳಿಯಂದ್ರೇ. ಮೂರಕ್ಕೇ ಯಾಕೆ ಊರ್ತೀರಿ?"

ಯಾರೋ ನಕ್ಕರು. ಅಳಿಯನ ಮುಖ ಕೆಂಪಾಯಿತು, ಆದರೆ ಮತ್ತೆ ತಪ್ಪಲಿಲ್ಲ. ಹುಣಸೆಮರ ದಾಟುವ ಹೊತ್ತಿಗೆ ಅವಳು ಎಣಿಸುವುದನ್ನು ಬಿಟ್ಟಳು. ಉಳುಮೆ ಮಾಡಿದ ಹೊಲದ ಹೆಂಟೆಗಳ ಮೇಲೂ ತಲೆ ನೆಟ್ಟಗೇ ಇತ್ತು. ಹೂವು ಇಟ್ಟಲ್ಲೇ ಇತ್ತು.

ಸಮಾಧಿಯ ಗುಂಡಿಯ ಅಂಚಿನಲ್ಲಿ ಮಾತ್ರ ನಾಲ್ವರೂ ಒಟ್ಟಿಗೆ ಬಗ್ಗಿದರು. ಹೂವು ಜಾರಿ, ಅವನಿಗಿಂತ ಮೊದಲು ಒಳಗೆ ಬಿತ್ತು.