ಬಸಯ್ಯನ ಹೊಸ ಕಂಪ್ಯೂಟರ್

ಫೋನಿನಲ್ಲಿ ಬಸಯ್ಯನ ಹೆಸರು ಕಂಡಾಗಲೇ ಕಲ್ಮೇಶನ ಎದೆ ಧಸಕ್ಕೆಂದಿತು. ಎತ್ತದೇ ಬಿಡಬಹುದಿತ್ತು. ಎತ್ತಿದ.

"ತಮ್ಮಾ, ಮಗಳು ಸಪ್ನಾಗ ಕಂಪ್ಯೂಟರ್ ತಂದೇವಿ. ವೈರಸ್ ಬರಲಾರದಂಗ ಏನೋ ಹಾಕ್ಬೇಕಂತ. ಅಂಗಡ್ಯಾಂವ ಮೂರ್ನಾಕ್ ಹೆಸರ ಹೇಳಿದ, ನಮಗೇನ್ ತಿಳೀತೈತಿ? ನೀ ಒಮ್ಮಿ ಖಾನಾಪುರಕ್ಕ ಬಂದು, ಯಾವ್ದು ಚಲೋ ನೋಡಿ ಹಾಕಿಕೊಟ್ಟು ಹೋಗು."

ಇಡೀ ಬೆಳಗಾವಿ ಸೀಮೆಯಲ್ಲಿ ಈ ಕೆಲಸಕ್ಕೆ ಬಸಯ್ಯನಿಗೆ ನೆನಪಾದವನು ಕಲ್ಮೇಶನೇ. ದೇವರಿಗೂ ಒಮ್ಮೊಮ್ಮೆ ಚೇಷ್ಟೆ ಮಾಡಬೇಕು ಅನಿಸುತ್ತದೆಯೋ ಏನೋ.

ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಇಬ್ಬರೂ ಜೊತೆಗೆ ದುಡಿದವರು. ಬಸಯ್ಯ ಮಷೀನು ನಡೆಸುತ್ತಿದ್ದ. ಆ ಮಷೀನುಗಳಿಗೆ ಬೇಕಾದ ಪ್ರೋಗ್ರಾಮನ್ನು ಕಲ್ಮೇಶ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ. ಹೋದ ಮಳೆಗಾಲದ ಒಂದು ಬೆಳಿಗ್ಗೆ ಆ ಕಂಪ್ಯೂಟರಿನ ಒಂದು ಫೈಲೂ ತೆರೆಯಲಿಲ್ಲ. ವೈರಸ್ ಎಲ್ಲವನ್ನೂ ನುಂಗಿ ಕೂತಿತ್ತು. ಮಷೀನುಗಳು ನಿಂತವು, ದೊಡ್ಡ ಆರ್ಡರು ಕೈತಪ್ಪಿತು. ಇದಕ್ಕೆ ಪೆನ್‌ಡ್ರೈವ್ ಹಾಕಿದವರು ಯಾರು ಎಂದು ಮಾಲೀಕರು ಕೂಗಾಡಿದಾಗ ಎಲ್ಲರ ಕಣ್ಣೂ ಬಸಯ್ಯನ ಕಡೆ ತಿರುಗಿತು. ಊಟದ ಹೊತ್ತಿಗೆ ಅವನು ಆ ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿ ವಚನ ಕೇಳುವುದು ಯಾರಿಗೆ ಗೊತ್ತಿರಲಿಲ್ಲ? ಬಸಯ್ಯ ಕೈಮುಗಿದು, "ನಂದ ತಪ್ಪಾತ್ರಿ" ಅಂದ. ಸಂಜೆಯೊಳಗೆ ಅವನ ಕೆಲಸ ಹೋಯಿತು.

ಕಲ್ಮೇಶ ಅಲ್ಲೇ ನಿಂತು ನೆಲ ನೋಡುತ್ತಿದ್ದ. ಹಿಂದಿನ ದಿನ ಮಹಾಂತೇಶ ನಗರದ ಮನೆಯಲ್ಲಿ ಕೂತು ಕೆಲಸ ಮುಗಿಸಿ, ತನ್ನ ಪೆನ್‌ಡ್ರೈವಿನಲ್ಲಿ ತಂದು ಸಂಜೆ ಅದೇ ಕಂಪ್ಯೂಟರಿಗೆ ಹಾಕಿದವನು ಅವನು. ಮನೆಯ ಕಂಪ್ಯೂಟರಿನ ಆಂಟಿವೈರಸ್ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಅದು ದಿನಾ ನೆನಪಿಸುತ್ತಿತ್ತು, ಈ ಮಹಾಶಯ ದಿನಾ 'ಆಮೇಲೆ' ಅಂತ ಒತ್ತುತ್ತಿದ್ದ. ಬಸಯ್ಯನ ಕೆಲಸ ಹೋದ ಸಂಜೆ ಮನೆಗೆ ಹೋಗಿ ನೋಡಿದರೆ ಅಲ್ಲಿಯೂ ಅದೇ ಗತಿ. ಮರುದಿನ ಮಾಲೀಕರಿಗೆ ಹೇಳಿದರಾಯಿತು ಅಂದುಕೊಂಡ. ಅದಕ್ಕೂ 'ಆಮೇಲೆ' ಒತ್ತಿದ.

ಭಾನುವಾರ ಮೋಟಾರ್‌ಸೈಕಲ್ ಹತ್ತಿ ಖಾನಾಪುರಕ್ಕೆ ಹೋದ. ಆ ಪೆನ್‌ಡ್ರೈವ್ ಇನ್ನೂ ಗಾಡಿಯ ಕೀಲಿಕೈ ಗೊಂಚಲಿನಲ್ಲೇ ನೇತಾಡುತ್ತಿತ್ತು. ಅದನ್ನು ಮತ್ತೆ ಯಾವುದಕ್ಕೂ ಹಾಕಿರಲಿಲ್ಲ, ಎಸೆಯಲು ಕೈಯೂ ಬಂದಿರಲಿಲ್ಲ.

"ಬರ್ರಿ ಅಣ್ಣಾ, ಕುಂದರ್ರಿ," ಎಂದು ಬಸಯ್ಯನ ಮಗಳು ಸಪ್ನಾ ಕುರ್ಚಿ ಸರಿಸಿದಳು. ಹೊಸ ಕಂಪ್ಯೂಟರಿನ ಮೂಲೆಗೆ ವಿಭೂತಿ ಹಚ್ಚಿದ್ದರು. ಮಂದಿಯ ಅರ್ಜಿಗಳನ್ನು ಮನೆಯಲ್ಲೇ ತುಂಬಿಕೊಡುವ ಕೆಲಸ ಹಿಡಿಯುವುದು ಅವಳ ಯೋಚನೆ. ಅಪ್ಪನ ಪಗಾರ ನಿಂತ ಮೇಲೆ ಮನೆಗೆ ಅದೇ ಆಸರೆ.

"ಇದರಾಗ ಒಂದು ಮೊದಲ ಬಂದೈತಿ, ಪುಕ್ಕಟೆ. ಅದ ಸಾಕಲ್ರಿ?" ಎಂದಳು.

"ಬರೇ ಮನಿ ಕೆಲಸಕ್ಕಾದ್ರ ಸಾಕವ್ವ. ಅದು ಕೇಳಿದಾಗೊಮ್ಮಿ ಅಪ್‌ಡೇಟ್ ಮಾಡಬೇಕು..." ಕಲ್ಮೇಶ ಪರದೆಯ ಕಡೆ ತಿರುಗಿ ಕೂತ.

"ಪುಕ್ಕಟೇದು ಬ್ಯಾಡ," ಬಸಯ್ಯ ನಡುವೆ ಬಾಯಿ ಹಾಕಿದ. "ಎಲ್ಲಾಕಿಂತ ಗಟ್ಟಿ ಇದ್ದದ್ದು ಹಾಕು. ಮಂದಿ ತಮ್ಮ ತಮ್ಮ ಪೆನ್‌ಡ್ರೈವ್ ಹಿಡ್ಕೊಂಡ ಬರ್ತಾರ. ನನ್ನ ದೆಸಿಂದ ಒಂದು ಕಾರ್ಖಾನಿ ನಿಂತು ಹೋತು, ಮಗಳ ಹೊಟ್ಟಿಗೂ ಹಂಗ ಆಗಬಾರ್ದು."

ಪೆನ್‌ಡ್ರೈವ್ ಹಾಕಿದ ಕೂಡಲೇ ತಾನಾಗಿಯೇ ಪರೀಕ್ಷೆ ಮಾಡುವಂಥದ್ದೊಂದನ್ನು ಕಲ್ಮೇಶ ಆರಿಸಿದ. ರೊಕ್ಕ ತಾನೇ ಕೊಡುತ್ತೇನೆಂದ. ಬಸಯ್ಯ ಒಪ್ಪಲಿಲ್ಲ, ನಿನ್ನ ಋಣ ನಮಗ್ಯಾಕಪ್ಪ ಎಂದು ನಕ್ಕ. ಆ ನಗು ಕಲ್ಮೇಶನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಎಲ್ಲ ಮುಗಿದ ಮೇಲೆ ಬಸಯ್ಯ ಒಳಗೆ ಹೋಗಿ ಕರವಸ್ತ್ರದಲ್ಲಿ ಸುತ್ತಿಟ್ಟ ಪೆನ್‌ಡ್ರೈವ್ ತಂದ. ಕೆಲಸ ಹೋದಂದಿನಿಂದ ಅದನ್ನು ಮುಟ್ಟಿರಲಿಲ್ಲ, ವಚನವನ್ನೂ ಕೇಳಿರಲಿಲ್ಲ.

"ಇದನ್ನ ಹಾಕವ್ವ. ಎಷ್ಟ್ ವಿಷ ತುಂಬೈತಿ, ಕಣ್ಣಾರೆ ನೋಡ್ಬೇಕು ನಾ."

ಸಪ್ನಾ ಹಾಕಿದಳು. ಪರದೆಯ ಮೇಲೆ ಹಸಿರು ಬಂತು. ತೆಗೆದು ಮತ್ತೊಮ್ಮೆ ಹಾಕಿದಳು. ಮತ್ತೆ ಹಸಿರು.

"ಅಪ್ಪಾ, ಇದರಾಗ ವೈರಸ್ ಏನೂ ಇಲ್ಲ."

ಬಸಯ್ಯನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಟವೆಲಿನಿಂದ ಮುಖ ಒರೆಸಿಕೊಂಡ. "ಹಂಗಾರ ನಾ ಅಲ್ಲೇನು?" ಅಂದ. ಪೆನ್‌ಡ್ರೈವ್ ತೆಗೆದುಕೊಂಡು ಕರವಸ್ತ್ರದಲ್ಲಿ ಸುತ್ತುತ್ತ, "ಮತ್ಯಾರೋ ಪಾಪ. ಅವಗೂ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ರ ಹೇಳ್ತಿದ್ದ," ಅಂದ.

ಆಗಿನ ವೈರಸ್ ಈಗಿನ ಆಂಟಿವೈರಸ್ಸಿಗೆ ಸಿಗುವುದಿಲ್ಲ ಎಂಬ ಸುಳ್ಳೊಂದು ಕಲ್ಮೇಶನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಂಬುತ್ತಿದ್ದರು, ಈ ಮನೆಯವರು ಏನು ಹೇಳಿದರೂ ನಂಬುತ್ತಿದ್ದರು. ಅದೇ ಅವನಿಗೆ ತಡೆಯಲಾಗಲಿಲ್ಲ. ಕಿಸೆಯಿಂದ ಗೊಂಚಲು ತೆಗೆದು, ತನ್ನ ಪೆನ್‌ಡ್ರೈವ್ ಬಿಚ್ಚಿ ಸಪ್ನಾಳಿಗೆ ಕೊಟ್ಟ.

"ಇದನ್ನೂ ಒಮ್ಮಿ ಹಾಕು. ಹೆದರಬ್ಯಾಡ, ಅದು ಹಿಡೀತೈತಿ."

ಹಾಕಿದ ಕೂಡಲೇ ಪರದೆ ಕೆಂಪಾಯಿತು. ಸಪ್ನಾ ಓದಿದಳು, ಕಲ್ಮೇಶನ ಕಡೆ ತಿರುಗಿ ನೋಡಲಿಲ್ಲ. ಬಸಯ್ಯ ಮಾತ್ರ ನೋಡಿದ.

"ಯಾವಾಗ ಗೊತ್ತಾತು ನಿನಗ?"

"ಅವತ್ತ, ಕಾಕಾ. ಸಂಜಿಕ." ಕಲ್ಮೇಶನಿಗೆ ಅಳು ಬಂದುಬಿಟ್ಟಿತು. "ನಾಳೆ ಮಾಲಕರ ಮುಂದ ಎಲ್ಲಾ ಹೇಳ್ತೇನಿ."

"ನಾಳೆ ಯಾಕ?" ಬಸಯ್ಯನ ದನಿ ಏರಲಿಲ್ಲ. "ಫೋನ್ ನಿನ್ನ ಕಡೇನ ಐತಲ್ಲ."

ಕಲ್ಮೇಶ ನಂಬರು ಒತ್ತಿದ. ಆ ಕಡೆ ಎತ್ತುವವರೆಗೂ ಬಸಯ್ಯ ಅವನ ಮುಖದಿಂದ ಕಣ್ಣು ಕದಲಿಸಲಿಲ್ಲ.